ಹಡಗು ಯಾರಿಗೆ ಕಾಯುತ್ತದೆ?

ಹೋದ ವಾರ ವಿಜಯಪುರದಿಂದ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದ್ದರು. ಗೋಳಗುಮ್ಮಟದ ವಿಜಯಪುರವಲ್ಲ, ನಮ್ಮ ದೇವನಹಳ್ಳಿ ತಾಲ್ಲೂಕಿನದು, ರೇಷ್ಮೆಗೂಡಿನ ಮಾರುಕಟ್ಟೆಯದು. ಮಗ ಸಿಂಗಪುರದಿಂದ ಹೊರಡುವ ಹಡಗಿನಲ್ಲಿ ಅಪ್ಪ-ಅಮ್ಮನಿಗೆ ಟಿಕೆಟ್ ಮಾಡಿಸಿದ್ದಾನೆ. ಐದು ರಾತ್ರಿ, ಮೂರು ಬಂದರು. ಮೇಷ್ಟ್ರಿಗೆ ಹಡಗಿನ ಭಯವಿಲ್ಲ, ಸಮುದ್ರದ ಭಯವೂ ಇಲ್ಲ. ಅವರ ತಲೆ ತಿನ್ನುತ್ತಿದ್ದದ್ದು ಬೇರೆಯೇ.

“ಸಾರ್, ಹಡಗು ನಿಂತ ಕಡೆ ಅವರೇ ಬಸ್ಸಲ್ಲಿ ಕರ್ಕೊಂಡು ಹೋಗಿ ಊರು ತೋರಿಸ್ತಾರಂತೆ. ಅದಕ್ಕೆ ಬೇರೆ ದುಡ್ಡಂತೆ, ಅದೂ ಡಾಲರ್ ಲೆಕ್ಕ. ಆ ದುಡ್ಡಲ್ಲಿ ನಾವು ತಿರುಪತಿಗೆ ನಾಲ್ಕು ಸಲ ಹೋಗಿ ಬರಬಹುದು. ನಾವೇ ಇಳ್ಕೊಂಡು ನೋಡ್ಕೊಂಡು ಬಂದ್ರೆ ಆಗಲ್ವಾ?”

ಈ ವರ್ಷ ಇದೇ ಪ್ರಶ್ನೆಯನ್ನು ನನಗೆ ಕೇಳಿದವರಲ್ಲಿ ಇವರು ಮೂರನೆಯವರು. ಮೊದಲು ಕೇಳಿದವರು ನಮ್ಮ ದೊಡ್ಡಬಳ್ಳಾಪುರದಲ್ಲೇ ಮಗ್ಗ ಇಟ್ಟುಕೊಂಡಿರುವವರು, ಆಮೇಲೆ ಹೊಸಕೋಟೆ ಕಡೆಯ ಹೂವಿನ ಬೆಳೆಗಾರರು. ಸಮುದ್ರದ ಗಾಳಿ ಸೋಕದ ಜಿಲ್ಲೆ ನಮ್ಮದು. ಸಮುದ್ರ ಹಾಗಿರಲಿ, ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮೂರ ಮಗ್ಗುಲಲ್ಲೇ ಹಾದುಹೋಗುತ್ತಾಳೆಂದು ಮಕ್ಕಳಿಗೆ ಪಾಠ ಹೇಳುತ್ತೇವೆ, ಕರೆದೊಯ್ದು ತೋರಿಸೋಣವೆಂದರೆ ನೀರಿರುವುದಿಲ್ಲ. ಆದರೆ 2008ರಿಂದ ದೇವನಹಳ್ಳಿ ಮಗ್ಗುಲಲ್ಲೇ ವಿಮಾನದ ಬಂದರು ಬಂದು ಕೂತಿದೆ. ಬೆಳಿಗ್ಗೆ ಮನೆಯಲ್ಲಿ ಉಪ್ಪಿಟ್ಟು ತಿಂದು ಹೊರಟವರು ರಾತ್ರಿಯ ಊಟಕ್ಕೆ ಸಿಂಗಪುರದಲ್ಲಿರುತ್ತಾರೆ. ಹಾಗಾಗಿ ಹಡಗಿನ ಪ್ರಶ್ನೆಯೂ ಈಗ ನಮ್ಮೂರಿನ ಪ್ರಶ್ನೆಯೇ.

ಹಡಗಿನ ಪ್ರವಾಸ ಗೊತ್ತಿಲ್ಲದವರಿಗೆ ಎರಡು ಮಾತು. ಇಂಥ ಹಡಗು ಸಾಮಾನ್ಯವಾಗಿ ರಾತ್ರಿ ಸಾಗುತ್ತದೆ, ಬೆಳಿಗ್ಗೆ ಯಾವುದೋ ಬಂದರಿನಲ್ಲಿ ನಿಲ್ಲುತ್ತದೆ, ಸಂಜೆ ಹೊರಟುಬಿಡುತ್ತದೆ. ನಡುವೆ ಸಿಗುವುದು ಎಂಟೋ ಒಂಬತ್ತೋ ಗಂಟೆ. ಆ ಹೊತ್ತಿನಲ್ಲಿ ದಡಕ್ಕಿಳಿದು ಊರು ನೋಡಿ ಬರುವುದಕ್ಕೆ ಶೋರ್ ಎಕ್ಸ್‌ಕರ್ಷನ್ ಎನ್ನುತ್ತಾರೆ. ಹಡಗಿನವರೇ ಏರ್ಪಾಟು ಮಾಡಿದ ಬಸ್ಸು ಹತ್ತಬಹುದು, ಇಲ್ಲವೇ ನಮ್ಮ ಪಾಡಿಗೆ ನಾವು ಇಳಿದು ಆಟೊ, ಟ್ಯಾಕ್ಸಿ, ರೈಲು, ಕಾಲು ಯಾವುದಾದರೂ ನಂಬಬಹುದು. ಹಡಗಿನಿಂದ ಇಳಿಯಲೇಬೇಕೆಂಬ ಕಟ್ಟುಪಾಡೇನೂ ಇಲ್ಲ. ಎಲ್ಲರೂ ಇಳಿದು ಹೋದಮೇಲೆ ಖಾಲಿ ಹಡಗಿನಲ್ಲಿ ಕಾಫಿ ಕುಡಿಯುತ್ತ ಕೂರುವ ಜಾಣರೂ ಇದ್ದಾರೆ.

ನಾನು ಎರಡೂ ದಾರಿಯಲ್ಲಿ ಹೋಗಿದ್ದೇನೆ. ಮೊದಲ ಸಲ ಹಡಗು ಹತ್ತಿದಾಗ ಜಿಪುಣತನವೇ ನನ್ನ ಗೈಡು. ಮಲೇಷ್ಯಾದ ಪಿನಾಂಗ್‌ನಲ್ಲಿ ಹಡಗಿನ ಬಸ್ಸಿನ ದರ ನೋಡಿ, ಹೆಂಡತಿಯ ಮುಖ ನೋಡಿ, “ಬೇಡ, ನಡ್ಕೊಂಡೇ ಹೋಗೋಣ” ಎಂದೆ. ಆ ಊರಿನ ಮಟ್ಟಿಗೆ ಜಿಪುಣತನ ಸರಿಯಾಗಿಯೇ ದಾರಿ ತೋರಿಸಿತು. ಅಲ್ಲಿ ಹಡಗು ನಿಲ್ಲುವ ಸ್ವೆಟ್ಟನ್‌ಹ್ಯಾಮ್ ಪಿಯರ್ ಇರುವುದೇ ಜಾರ್ಜ್‌ಟೌನ್ ಊರಿನ ತುದಿಗೆ. ಗೇಟು ದಾಟಿದರೆ ಊರೇ. ನಾಲ್ಕು ಹೆಜ್ಜೆ ಹಾಕಿದರೆ ಹಳೆಯ ಕೋಟೆ. ಬೋರ್ಡು ಓದಿ ನಿಂತುಬಿಟ್ಟೆ: ಫೋರ್ಟ್ ಕಾರ್ನ್‌ವಾಲಿಸ್. ಇವನು ನಮ್ಮವನೇ! ಅಂದರೆ ನಮ್ಮ ಮೇಲೆ ಬಿದ್ದವನು. 1791ರಲ್ಲಿ ಬೆಂಗಳೂರನ್ನು ಹಿಡಿದು, ದೇವನಹಳ್ಳಿ ಕೋಟೆಯನ್ನು ತೆಗೆದುಕೊಂಡು, ಅದೇ ವರ್ಷದ ಅಕ್ಟೋಬರಿನಲ್ಲಿ ತನ್ನ ಸೈನ್ಯದಿಂದ ನಂದಿದುರ್ಗವನ್ನೂ ಹತ್ತಿಸಿದ ಅದೇ ಗವರ್ನರ್ ಜನರಲ್. ನಂದಿಬೆಟ್ಟ ಕಾಣುವ ಊರಿನಲ್ಲಿ ಹುಟ್ಟಿ, ಕಡಲಾಚೆಯ ದ್ವೀಪದಲ್ಲಿ ಅವನ ಹೆಸರಿನ ಗೋಡೆಗೆ ಒರಗಿ ಎಳನೀರು ಕುಡಿದೆ. ಹಡಗಿನ ಬಸ್ಸಿನಲ್ಲಿ ಹೋಗಿದ್ದರೆ ಗೈಡು ಈ ಕೋಟೆ ತೋರಿಸುತ್ತಿದ್ದನೋ ಏನೋ, ನಂದಿದುರ್ಗದ ಮಾತು ಮಾತ್ರ ಖಂಡಿತ ಎತ್ತುತ್ತಿರಲಿಲ್ಲ. ಕೋಟೆಯ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲಲು ಬಿಡುತ್ತಲೂ ಇರಲಿಲ್ಲ.

ಅಲ್ಲಿಂದ ಲಿಟ್ಲ್ ಇಂಡಿಯಾ ಬೀದಿಗಳು ಕಾಲ್ನಡಿಗೆಯ ದೂರ. ಕ್ವೀನ್ ಸ್ಟ್ರೀಟಿನಲ್ಲಿ 1833ರ ಮಾರಿಯಮ್ಮನ ಗುಡಿ, ಗೋಪುರ, ಮಲ್ಲಿಗೆ ಹೂ, ಕರ್ಪೂರದ ವಾಸನೆ. ಪಕ್ಕದ ಬೀದಿಯಲ್ಲಿ ಬಾಳೆಎಲೆ ಹಾಸಿ ಸಾರು, ಪಲ್ಯ ಬಡಿಸುವ ಹೋಟೆಲು. ಮೂರು ದಿನದಿಂದ ಹಡಗಿನ ಬಫೆಯಲ್ಲಿ ಬ್ರೆಡ್ಡು, ಪಾಸ್ತಾ ತಿಂದು ಬಾಡಿಹೋಗಿದ್ದ ನನ್ನಾಕೆ ಎಲೆಯ ಮುಂದೆ ಕೂತು ಎರಡನೇ ಸಲ ಅನ್ನ ಹಾಕಿಸಿಕೊಂಡಳು. ನನ್ನ ಲೆಕ್ಕದಲ್ಲಿ ಆ ಪ್ರವಾಸದ ಅತ್ಯುತ್ತಮ ದೃಶ್ಯ ಅದೇ. ಮೂರು ಗಂಟೆಗೇ ಹಡಗಿಗೆ ವಾಪಸು ಬಂದು ಕಾಲು ಚಾಚಿದ್ದೆವು.

ಆ ಗೆಲುವೇ ಮುಂದಿನ ಬಂದರಿನಲ್ಲಿ ನಮ್ಮನ್ನು ಕೆಡಿಸಿದ್ದು.

ಮುಂದಿನದು ಪೋರ್ಟ್ ಕ್ಲಾಂಗ್. ಪಟ್ಟಿಯಲ್ಲಿ ‘ಕೌಲಾಲಂಪುರ’ ಎಂದೇ ಬರೆದಿರುತ್ತಾರೆ. ನಂಬಬೇಡಿ. ನಮ್ಮ ವಿಮಾನ ನಿಲ್ದಾಣಕ್ಕೆ ಬೆಂಗಳೂರು ಎಂದು ಹೆಸರಿಟ್ಟು ದೇವನಹಳ್ಳಿಯಲ್ಲಿ ಇಳಿಸುವ ಹಾಗೆಯೇ ಇದೂ. ಹಡಗು ನಿಲ್ಲುವುದು ಪುಲಾವ್ ಇಂಡಾ ಎಂಬ ಕಡೆ, ಕೌಲಾಲಂಪುರಕ್ಕೆ ರಸ್ತೆ ಚೆನ್ನಾಗಿ ಸಿಕ್ಕರೂ ಒಂದು ಗಂಟೆಗೂ ಮೇಲಿನ ದಾರಿ. ಕ್ಲಾಂಗ್‌ನಿಂದ ನಗರಕ್ಕೆ ರೈಲೇನೋ ಇದೆ, ಹಡಗುಕಟ್ಟೆಯಿಂದ ಆ ಸ್ಟೇಷನ್ ಮುಟ್ಟುವುದಕ್ಕೇ ಮತ್ತೊಂದು ಗಾಡಿ ಹಿಡಿಯಬೇಕು. ನಮಗಿದು ಯಾವುದೂ ಗೊತ್ತಿರಲಿಲ್ಲ. ತುಮಕೂರು ಕಡೆಯ ಒಂದು ಸಂಸಾರ ಹಡಗಿನಲ್ಲಿ ಜೊತೆಯಾಗಿತ್ತು. ಏಳು ಜನ ಸೇರಿ ಬಂದರಿನ ಹೊರಗೆ ಒಂದು ವ್ಯಾನು ಮಾತಾಡಿದೆವು. ಹಡಗಿನವರು ತಲೆಗಿಷ್ಟು ಎನ್ನುತ್ತಾರೆ, ವ್ಯಾನಿನವನು ಗಾಡಿಗಿಷ್ಟು ಎನ್ನುತ್ತಾನೆ. ಏಳು ಜನಕ್ಕೆ ಹಂಚಿದರೆ ಹಡಗಿನ ದರದ ಅರ್ಧಕ್ಕೂ ಕಡಿಮೆ. ಬೀಗಿದೆವು.

ಘಾಟಿ ಸುಬ್ರಹ್ಮಣ್ಯನ ಒಕ್ಕಲಿನವರು ಮಲೇಷ್ಯಾಕ್ಕೆ ಹೋಗಿ ಬಾಟು ಕೇವ್ಸ್ ಬಿಡುವುದುಂಟೆ? ಅಲ್ಲಿ ಅದೇ ದೇವರು ಮುರುಗನಾಗಿ 140 ಅಡಿ ಎತ್ತರಕ್ಕೆ ಚಿನ್ನದ ಬಣ್ಣದಲ್ಲಿ ನಿಂತಿದ್ದಾನೆ. ಗುಹೆಗೆ 272 ಮೆಟ್ಟಿಲು. ತುಮಕೂರಿನ ಅಜ್ಜಿ “ಹತ್ತೇ ಹತ್ತುತೀನಿ” ಎಂದರು, ಹತ್ತಿದರು, ಇಳಿಯುವಾಗ ಮಂಡಿ ಹಿಡಿದು ಪ್ರತಿ ಮೆಟ್ಟಿಲಿಗೂ ಸುಬ್ರಹ್ಮಣ್ಯನನ್ನು ಕರೆದರು. ಅಲ್ಲೇ ಮುಕ್ಕಾಲು ಗಂಟೆ ಹೋಯಿತು. ಅವಳಿ ಗೋಪುರದ ಮುಂದೆ ಫೋಟೋ ತೆಗೆಯುವ ಹೊತ್ತಿಗೆ ಮೋಡ ಕಪ್ಪಾಗಿತ್ತು. ಆ ಊರಿನಲ್ಲಿ ಮಧ್ಯಾಹ್ನದ ಮಳೆ ನಮ್ಮ ಮುಂಗಾರಿನ ಹಾಗೆ ಕಾಯಿಸಿ ಸತಾಯಿಸುವುದಿಲ್ಲ, ನಲ್ಲಿ ತಿರುಗಿಸಿದಂತೆ ಸುರಿದೇಬಿಡುತ್ತದೆ. ಹೆದ್ದಾರಿಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತವು. ಹಡಗಿಗೆ ಹತ್ತಲು ಕೊನೆಯ ಹೊತ್ತು ಐದೂವರೆ. ನಾಲ್ಕೂವರೆಗೆ ನಾವಿನ್ನೂ ಅರ್ಧ ದಾರಿಯಲ್ಲಿ. ವ್ಯಾನಿನೊಳಗೆ ಮಾತು ನಿಂತುಹೋಯಿತು. ಪಾಸ್‌ಪೋರ್ಟುಗಳು ಹಡಗಿನವರ ಬಳಿ ಇದ್ದವು, ನಮ್ಮ ಕೈಯಲ್ಲಿ ಹಡಗಿನ ಕಾರ್ಡು ಮಾತ್ರ. ಬಟ್ಟೆ, ಮಾತ್ರೆ, ಅಜ್ಜಿಯ ಬಿಪಿ ಯಂತ್ರ, ಎಲ್ಲವೂ ಹಡಗಿನಲ್ಲಿ. ವ್ಯಾನಿನ ವೈಪರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡುವುದನ್ನು ನೋಡುತ್ತ ಏಳು ಜನ ಕೂತಿದ್ದೆವು.

ಐದೂ ಹದಿಮೂರಕ್ಕೆ ಕಟ್ಟೆ ಮುಟ್ಟಿದೆವು. ಓಡಿದೆವು, ಅಜ್ಜಿಯನ್ನು ಅವರ ಮಗ ಹೆಚ್ಚುಕಡಿಮೆ ಎತ್ತಿಕೊಂಡೇ ಓಡಿದ. ಸ್ಕ್ಯಾನಿಂಗ್ ದಾಟಿ, ಏಣಿ ಹತ್ತಿ, ಮೇಲಿನ ಡೆಕ್ಕಿಗೆ ಹೋಗಿ ಕಂಬಿ ಹಿಡಿದು ಉಸಿರು ಬಿಡುತ್ತಿರುವಾಗ ಐದೂವರೆ ದಾಟಿತು. ಹಡಗು ಅಲ್ಲಾಡಲಿಲ್ಲ. ಕಾಲು ಗಂಟೆ ಕಳೆಯಿತು, ಅರ್ಧ ಗಂಟೆ ಕಳೆಯಿತು. ಆಮೇಲೆ ಮಳೆಯ ಮಬ್ಬಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು ಸಾಲಾಗಿ ಮೂರು ಬಸ್ಸು ಬಂದವು, ಹಡಗಿನವರದೇ. ಅದೇ ಹೆದ್ದಾರಿಯಲ್ಲಿ, ಅದೇ ಮಳೆಯಲ್ಲಿ ನಮ್ಮ ಹಿಂದೆಯೇ ಸಿಕ್ಕಿಕೊಂಡಿದ್ದವು. ಒಳಗಿಂದ ಜನ ಕಣ್ಣುಜ್ಜಿಕೊಳ್ಳುತ್ತ, ಆಕಳಿಸುತ್ತ, ಕೈಯಲ್ಲಿ ಚಾಕೊಲೇಟಿನ ಚೀಲ ಹಿಡಿದು ನಿಧಾನವಾಗಿ ಇಳಿದರು. ಬಸ್ಸಿನಲ್ಲಿ ನಿದ್ದೆ ಮಾಡಿದ್ದರು!

ಹಡಗಿನವರು ಅಷ್ಟು ದುಡ್ಡಿಗೆ ಏನು ಮಾರುತ್ತಾರೆಂದು ನನಗೆ ತಿಳಿದದ್ದು ಆ ಆಕಳಿಕೆಗಳನ್ನು ನೋಡಿದಾಗ. ಊರು ತೋರಿಸುವುದರಲ್ಲಿ ಅವರ ಹೆಚ್ಚುಗಾರಿಕೆ ಏನೂ ಇಲ್ಲ. ನಲವತ್ತು ಜನರ ಬಸ್ಸು, ಎಲ್ಲರಿಗೂ ಒಂದೇ ಗೈಡು, ಯಾರೂ ಕೇಳದ ಚಾಕೊಲೇಟ್ ಅಂಗಡಿಯಲ್ಲಿ ಮುಕ್ಕಾಲು ಗಂಟೆ. ಅವರು ಮಾರುವುದು ವಾಪಸು ಬರುವ ಹೊಣೆಯನ್ನು. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಕಾಯಲಾಗದ ಸಂದರ್ಭ ಬಂದರೂ ಮುಂದಿನ ಬಂದರಿಗೆ ನಿಮ್ಮನ್ನು ತಲುಪಿಸುವ ಖರ್ಚು ಅವರದು. ನೀವಾಗಿ ಹೋಗಿ ತಡಮಾಡಿದರೆ ಹಡಗು ಹೊರಡುತ್ತದೆ, ಮುಂದಿನ ಬಂದರಿಗೆ ವಿಮಾನವೋ ಮತ್ತೊಂದೋ ಹಿಡಿದು ನಿಮ್ಮ ಖರ್ಚಿನಲ್ಲಿ ನೀವು ಸೇರಿಕೊಳ್ಳಬೇಕು. ಇದರಲ್ಲಿ ಕ್ರೌರ್ಯವೇನಿಲ್ಲ. ಮದುವೆಗೆ ಹೊರಟ ಬಸ್ಸಿನವರು ದಾರಿಯಲ್ಲಿ ಕಾಫಿಗೆ ನಿಲ್ಲಿಸಿದರೆ ತಲೆ ಎಣಿಸಿಯೇ ಮುಂದಕ್ಕೆ ಹೋಗುತ್ತಾರೆ. ಸ್ಕೂಟರಿನಲ್ಲಿ ಬರುತ್ತೇನೆಂದ ಭಾವಮೈದುನನಿಗೆ ಪಂಕ್ಚರ್ ಆದರೆ ಮುಹೂರ್ತ ನಿಲ್ಲುವುದಿಲ್ಲ.

ಆದ್ದರಿಂದ ದರ ಹೋಲಿಸಿ ತೀರ್ಮಾನಿಸುವುದು ತಪ್ಪು ಎನ್ನುವುದು ನನ್ನ ಅಭಿಪ್ರಾಯ. ನೋಡಬೇಕಾದ್ದು ಹಡಗುಕಟ್ಟೆಗೂ ನೀವು ನೋಡಬೇಕೆಂದಿರುವ ಜಾಗಕ್ಕೂ ನಡುವಿನ ದಾರಿಯನ್ನು. ಊರು ಕಟ್ಟೆಗೇ ಅಂಟಿಕೊಂಡಿದೆಯೋ, ನಡೆದು ಹೋಗಿ ನಡೆದು ಬರಬಹುದೋ, ಹಡಗಿನ ಬಸ್ಸು ದುಡ್ಡು ದಂಡ. ಒಂದು ಗಂಟೆಗೂ ಮೇಲಿನ ದಾರಿಯೋ, ನಡುವೆ ಒಂದೇ ಹೆದ್ದಾರಿಯೋ, ಆ ದುಡ್ಡನ್ನು ವಿಮೆಯ ಕಂತು ಎಂದುಕೊಂಡು ಕಟ್ಟಿಬಿಡಿ. ಯುರೋಪಿಗೆ ಹೋಗುವವರಿಗೂ ಇದೇ ಮಾತು. ‘ರೋಮ್’ ಎಂದು ಬರೆದಿದ್ದರೂ ಹಡಗು ನಿಲ್ಲುವುದು ಚಿವಿಟವೆಕ್ಕಿಯಾದಲ್ಲಿ, ರೋಮ್ ಅಲ್ಲಿಂದ ಸುಮಾರು 80 ಕಿಲೋಮೀಟರು. ಒಳ್ಳೆಯ ರೈಲಿದೆ, ಗಟ್ಟಿ ಗುಂಡಿಗೆಯ ಹುಡುಗರು ಹೋಗಿ ಬರುತ್ತಾರೆ. ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವ ಮಗನಿಗೆ ನಾನು ಅದನ್ನು ಹೇಳಲಾರೆ.

ದೂರ ಬಿಟ್ಟರೆ ನನ್ನನ್ನು ಹೆದರಿಸುವುದು ಗಡಿಯಾರ. ಸಿಂಗಪುರ, ಮಲೇಷ್ಯಾ ಎರಡರಲ್ಲೂ ಒಂದೇ ಹೊತ್ತು. ಥಾಯ್ಲೆಂಡ್ ಒಂದು ಗಂಟೆ ಹಿಂದೆ. ಹಡಗು ಸಿಂಗಪುರದ ಹೊತ್ತನ್ನೇ ಇಟ್ಟುಕೊಂಡು ಫುಕೆಟ್‌ಗೆ ಹೋಗಿದೆ ಎಂದುಕೊಳ್ಳಿ. ದಡಕ್ಕಿಳಿದ ಕೂಡಲೇ ನಿಮ್ಮ ಮೊಬೈಲು ತಾನೇ ಬುದ್ಧಿವಂತನಾಗಿ ಥಾಯ್ ಹೊತ್ತಿಗೆ ತಿರುಗುತ್ತದೆ. ಅದರಲ್ಲಿ ನಾಲ್ಕು ಎಂದಿದ್ದರೆ ಹಡಗಿನಲ್ಲಿ ಆಗಲೇ ಐದು. ಇನ್ನೂ ಒಂದು ಗಂಟೆ ಇದೆಯೆಂದು ನೀವು ಮಸಾಜಿಗೆ ಕೂತರೆ ಮುಗಿಯಿತು. ಯಾವ ಹೊತ್ತು ನಡೆಯುತ್ತಿದೆ ಎಂಬುದು ಹಡಗಿನವರು ದಿನವೂ ಕೊಡುವ ಕಾರ್ಯಕ್ರಮದ ಹಾಳೆಯಲ್ಲಿ ಇರುತ್ತದೆ, ಓದುವವರು ಕಡಿಮೆ. ಕೊನೆಯ ಹೊತ್ತು ಎಂದು ಕೊಡುವುದು ಹಡಗು ಹೊರಡುವುದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲಿನದು ಎನ್ನುವುದೂ ನೆನಪಿರಲಿ. ಫುಕೆಟ್‌ನ ಪಟಾಂಗ್‌ನಂಥ ಕಡೆ ದೊಡ್ಡ ಹಡಗು ದಡಕ್ಕೆ ಬರುವುದೇ ಇಲ್ಲ, ದೂರದಲ್ಲಿ ಲಂಗರು ಹಾಕಿ ಚಿಕ್ಕ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆ. ಮೊದಲ ದೋಣಿಗಳು ಹಡಗಿನ ಟೂರ್ ತೆಗೆದುಕೊಂಡವರಿಗೆ. ಉಳಿದವರು ಚೀಟಿ ಹಿಡಿದು ಕಾಯಬೇಕು. ಒಂಬತ್ತು ಗಂಟೆಯಲ್ಲಿ ಎರಡು ಗಂಟೆ ಸಾಲಿಗೇ ಹೋದದ್ದನ್ನು ಕಂಡಿದ್ದೇನೆ.

ನಮ್ಮ ಕಡೆಯವರು ಎಡವುವ ಇನ್ನೊಂದು ಜಾಗವಿದೆ, ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಬೆಂಗಳೂರಿನ ಟ್ರಾವೆಲ್ಸಿನವರ ಗುಂಪಿನಲ್ಲಿ ಹೋಗುವವರು “ನಮ್ಮದು ಪ್ಯಾಕೇಜು, ಎಲ್ಲಾ ಸೇರಿದೆ, ಮ್ಯಾನೇಜರ್ ಜೊತೆಗಿರ್ತಾನೆ” ಎಂದು ನಿಶ್ಚಿಂತೆಯಾಗಿರುತ್ತಾರೆ. ಬಂದರಿನಲ್ಲಿ ನಿಮ್ಮನ್ನು ಹತ್ತಿಸಿಕೊಳ್ಳುವ ಬಸ್ಸು ಹಡಗಿನದೋ, ಟ್ರಾವೆಲ್ಸಿನವರು ಅಲ್ಲಿಯ ಏಜೆಂಟನಿಂದ ಮಾಡಿಸಿದ್ದೋ? ಎರಡನೆಯದಾದರೆ ಹಡಗಿನ ಕಣ್ಣಿಗೆ ನೀವೂ ಸ್ಕೂಟರಿನ ಭಾವಮೈದುನನೇ. ಅಂಥ ಏಜೆಂಟರಲ್ಲಿ ಒಳ್ಳೆಯವರಿದ್ದಾರೆ, ಸಣ್ಣ ಗುಂಪು, ತಾಳ್ಮೆಯ ಡ್ರೈವರು, ದಿನವೂ ಹಡಗಿನವರನ್ನೇ ಕರೆದೊಯ್ದು ಪಳಗಿದವರು. ಹಡಗು ತಪ್ಪಿದರೆ ಮುಂದಿನ ಬಂದರಿನ ಖರ್ಚು ನಮ್ಮದೆಂದು ಬರೆದುಕೊಡುವವರೂ ಇದ್ದಾರೆ. ಆದರೂ ಹಡಗು ಅವರಿಗಾಗಿ ಕಾಯುವುದಿಲ್ಲ. ದುಡ್ಡು ಕಟ್ಟುವ ಮೊದಲೇ ಕೇಳಿ. ಗಾಳಿಮಳೆಯಿಂದ ಹಡಗು ಆ ಬಂದರಿಗೆ ಹೋಗದೇ ಬಿಟ್ಟರೆ ದುಡ್ಡು ವಾಪಸೋ ಎಂದೂ ಕೇಳಿ. ಹಡಗಿನ ಟೂರ್ ಆದರೆ ಅದು ತಾನಾಗಿ ವಾಪಸಾಗುತ್ತದೆ. ವೀಸಾದ ವಿಷಯವೂ ಇದರೊಳಗೇ ಬರುತ್ತದೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಂಥ ಕಡೆ ಮಾನ್ಯತೆ ಇರುವ ಟೂರಿನ ಜೊತೆ ಇಳಿದರೆ ವೀಸಾ ಬೇಡ, ಒಬ್ಬರೇ ಇಳಿಯಲು ಬೇಕು ಎಂಬ ನಿಯಮ ಬಹುಕಾಲ ನಡೆದಿತ್ತು.

ಇದೇ ಆಟವನ್ನು ಆ ಕಡೆಯಿಂದ ನೋಡಬೇಕೆಂದರೆ ಮಂಗಳೂರಿಗೆ ಹೋಗಿ. ಪಣಂಬೂರಿನ ನವ ಮಂಗಳೂರು ಬಂದರಿಗೆ ಚಳಿಗಾಲ ಶುರುವಾದರೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಇಳಿದವರಲ್ಲಿ ಒಂದು ಪಾಲು ಹವಾನಿಯಂತ್ರಿತ ಬಸ್ಸು ಹತ್ತಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಗೋಡಂಬಿ ಕಾರ್ಖಾನೆ ನೋಡಲು ಹೊರಡುತ್ತದೆ. ಇನ್ನೊಂದು ಪಾಲು ಹ್ಯಾಟು ಹಾಕಿಕೊಂಡು ಹೊರಗೆ ಬಂದು ಆಟೊ, ಟ್ಯಾಕ್ಸಿಯವರ ಜೊತೆ ಕೈಬೆರಳು ತೋರಿಸಿ ಚೌಕಾಸಿಗೆ ನಿಲ್ಲುತ್ತದೆ. ಅವರು ಕುದ್ರೋಳಿ ಗುಡಿ, ಸಂತ ಅಲೋಶಿಯಸ್ ಚಾಪೆಲಿನ ಚಿತ್ರಗಳು, ಮಾರುಕಟ್ಟೆಯ ಮೀನು, ಹಣ್ಣು ನೋಡಿಕೊಂಡು ಎಳನೀರು ಕುಡಿದು ಬರುತ್ತಾರೆ. ಆ ಎರಡೂ ಪಾಲಿನವರೂ ಬುದ್ಧಿವಂತರೇ. 1432ರ ಗೊಮ್ಮಟ ನಿಂತಿರುವುದು ಬಂದರಿನಿಂದ ಸುಮಾರು 50 ಕಿಲೋಮೀಟರು ಆಚೆ, ಘಟ್ಟದ ಬುಡದ ಕಡೆಗೆ. ಅದಕ್ಕೆ ಬಸ್ಸೇ ಸರಿ. ಮಂಗಳೂರು ಪೇಟೆ ನೋಡಲು ಬಸ್ಸು ಯಾಕೆ?

ನಮ್ಮ ಜಿಲ್ಲೆಯಲ್ಲೇ ಪರೀಕ್ಷೆ ಮಾಡಿ ನೋಡಬೇಕೆನ್ನುವವರಿಗೆ ದೇವನಹಳ್ಳಿ ವಿಮಾನ ನಿಲ್ದಾಣ ಇದ್ದೇ ಇದೆ. ವಿದೇಶದಿಂದ ಬಂದಿಳಿದು ಹುಬ್ಬಳ್ಳಿಗೋ ಮಂಗಳೂರಿಗೋ ಮುಂದಿನ ವಿಮಾನಕ್ಕೆ ಆರೇಳು ಗಂಟೆ ಕಾಯುವ ನೆಂಟರು ಯಾರಿಗಿಲ್ಲ? ಅವರದೂ ಹಡಗಿನವರ ಪಾಡೇ. ಹುಬ್ಬಳ್ಳಿಗೆ ಹೋಗಬೇಕಿದ್ದ ನನ್ನ ಸೋದರತ್ತೆಯ ಮೊಮ್ಮಗನನ್ನು ಒಂದು ಶನಿವಾರ ಬೆಳಿಗ್ಗೆ ಕಾರಿನಲ್ಲಿ ಕೂರಿಸಿಕೊಂಡೆ. “ಮಾಮ, ನಂದಿಬೆಟ್ಟ ನೋಡೋಣ” ಎಂದ. ನಿಲ್ದಾಣದಿಂದ ಸುಮಾರು 30 ಕಿಲೋಮೀಟರು, ಏನು ಮಹಾ ಎಂದುಕೊಂಡು ಹೊರಟೆ. ಬೆಟ್ಟದ ಬುಡಕ್ಕೆ ಇನ್ನೂ ದೂರವಿರುವಾಗಲೇ ಕಾರುಗಳ ಸಾಲು ಎದುರಾಯಿತು, ಬೆಂಗಳೂರು ಪೂರಾ ಅಲ್ಲಿತ್ತು. ಮುಕ್ಕಾಲು ಗಂಟೆ ಕೂತು ಲೆಕ್ಕ ಹಾಕಿ ಕಾರು ತಿರುಗಿಸಿದೆ. ಹುಡುಗ ಸಪ್ಪಗಾದ. ವಾಪಸು ಬಂದು ದೇವನಹಳ್ಳಿ ಕೋಟೆಗೆ ಕರೆದೊಯ್ದೆ. 1501ರಲ್ಲಿ ಮಲ್ಲಬೈರೇಗೌಡ ಮಣ್ಣಿನಲ್ಲಿ ಕಟ್ಟಿಸಿದ್ದು, ಆಮೇಲೆ ಕಲ್ಲಿನದಾಯಿತು. ನಿಲ್ದಾಣದಿಂದ ಹತ್ತು ಕಿಲೋಮೀಟರಿನೊಳಗೆ. ಬುರುಜಿನ ಮೇಲೆ ಓಡಾಡಿ, ಒಳಗೆ ವೇಣುಗೋಪಾಲಸ್ವಾಮಿಗೆ ಕೈಮುಗಿದು, ಟಿಪ್ಪು ಹುಟ್ಟಿದ ಜಾಗದ ಕಲ್ಲಿನ ಮುಂದೆ ನಿಂತು, ದಾರಿಬದಿಯಲ್ಲಿ ಒಂದು ಚಕ್ಕೋತ ಸುಲಿದು ತಿಂದು, ಗಾಬರಿಯಿಲ್ಲದೆ ವಿಮಾನ ಹತ್ತಿದ. ಶನಿವಾರ ಆರು ಗಂಟೆ ಕೈಯಲ್ಲಿರುವವನಿಗೆ ಕೋಟೆಯೇ ಪಿನಾಂಗ್, ನಂದಿಬೆಟ್ಟವೇ ಕೌಲಾಲಂಪುರ.

ಮೇಷ್ಟ್ರಿಗೆ ಇಷ್ಟೆಲ್ಲ ಫೋನಿನಲ್ಲಿ ಹೇಳಲಿಲ್ಲ. ಹೇಳಿದ್ದು ಇಷ್ಟೇ: ಪಿನಾಂಗ್‌ನಲ್ಲಿ ನೀವೂ ಅಮ್ಮನವರೂ ಕೈಬೀಸಿಕೊಂಡು ಇಳಿಯಿರಿ, ಮಾರಿಯಮ್ಮನ ಗುಡಿ ನೋಡಿ, ಎಲೆಯೂಟ ಮಾಡಿ. ಕ್ಲಾಂಗ್‌ನಲ್ಲಿ ಬಾಟು ಕೇವ್ಸ್ ನೋಡಲೇಬೇಕೆಂದರೆ ಹಡಗಿನ ಬಸ್ಸೇ ಹತ್ತಿ, ದುಡ್ಡಿನ ಮುಖ ನೋಡಬೇಡಿ. ಸಸ್ಯಾಹಾರವೆಂದು ಹಿಂದಿನ ದಿನವೇ ಟೂರಿನ ಕೌಂಟರಿನಲ್ಲಿ ಹೇಳಿಡಿ. ಫುಕೆಟ್‌ನಲ್ಲಿ ಮಂಡಿ ನೋಯುತ್ತಿದ್ದರೆ ದೋಣಿಯ ಸಹವಾಸವೇ ಬೇಡ, ಹಡಗಿನಲ್ಲೇ ಇದ್ದು ಸಮುದ್ರ ನೋಡಿ. ಪಾಸ್‌ಪೋರ್ಟಿನ ಜೆರಾಕ್ಸ್, ಆ ದಿನದ ಮಾತ್ರೆ, ಹಡಗಿನವರು ಕೊಡುವ ಹಾಳೆಯಲ್ಲಿರುವ ಬಂದರು ಏಜೆಂಟಿನ ನಂಬರು, ಈ ಮೂರನ್ನೂ ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳಿ.

ಮತ್ತೆ ಮೇಷ್ಟ್ರೇ, ಬೀರುವಿನಲ್ಲಿ ನಿಮ್ಮ ಹಳೆಯ ಎಚ್‌ಎಂಟಿ ವಾಚು ಇದ್ದರೆ ಹೊರಗೆ ತೆಗೆಯಿರಿ. ಕೀ ಕೊಟ್ಟು, ಹಡಗಿನ ಹೊತ್ತಿಗೆ ಇಟ್ಟು, ಕೈಗೆ ಕಟ್ಟಿಕೊಂಡು ಇಳಿಯಿರಿ. ಮೊಬೈಲಿನ ಗಡಿಯಾರ ನಂಬಬೇಡಿ.